ಸಂಪಾದಕರ ಉತ್ತರ: ‘ಮನೆಗೆ ಬರಬೇಡಿ’ ಎಂದವಳ ಮಾತು

ಹಿರಿಯ ಆರೋಗ್ಯ ಸಹಾಯಕರಾಗಿ ನಿವೃತ್ತರಾದ ದಾವಣಗೆರೆ ಜಿಲ್ಲೆಯ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ಬಂದ ಕ್ಷಯರೋಗಿಯೊಬ್ಬಳ ಅನುಭವ ಕಥನ ಓದಿ ಎರಡು ಪುಟದ ಪತ್ರ ಬರೆದಿದ್ದಾರೆ. ತಿರುಳು ಇಷ್ಟು: ‘ಒಬ್ಬಳು ಅತ್ತಳೆಂದು ಕಾರ್ಯಕ್ರಮ ಬದಲಾಗಬಾರದು. ಸಾರ್ವಜನಿಕ ಆರೋಗ್ಯ ನಡೆಯುವುದು ಲೆಕ್ಕದ ಮೇಲೆ. ಕಥೆ ಹೇಳುವವರು ಅಪವಾದವನ್ನೇ ನಿಯಮ ಮಾಡಿಬಿಡುತ್ತಾರೆ.’

ಲೆಕ್ಕ ಬೇಕು, ನಿಜ. ಯಾವ ತಾಲ್ಲೂಕಿಗೆ ಎಷ್ಟು ಮಾತ್ರೆ ಹೋಗಬೇಕೆಂದು ಕಥೆ ಕೇಳಿ ತೀರ್ಮಾನಿಸಲಾಗದು. ಲಸಿಕೆಯಿಂದ ಹಾಗಾಯಿತಂತೆ ಹೀಗಾಯಿತಂತೆ ಎಂಬ ಒಂದು ಮನೆಯ ಮಾತು ಊರೆಲ್ಲ ಸುತ್ತಿ ಕೂಸುಗಳಿಗೆ ಲಸಿಕೆ ತಪ್ಪುವುದೂ ಉಂಟು. ಆದರೆ ಕಥೆ ಬೇಡವೇ ಬೇಡ ಎಂಬ ನಿಮ್ಮ ಮಾತನ್ನು ಮಾತ್ರ ನಾವು ಒಪ್ಪುವುದಿಲ್ಲ.

ಬರೀ ಲೆಕ್ಕ ಏನು ಮಾಡಬಲ್ಲದು ಎಂಬುದಕ್ಕೆ ಅಮೆರಿಕದ ಅಲಬಾಮಾದ ಟಸ್ಕೀಗಿಯನ್ನು ನೋಡಿ. 1932ರಲ್ಲಿ ಅಲ್ಲಿನ ಸಾರ್ವಜನಿಕ ಆರೋಗ್ಯ ಸೇವೆಯವರು ಸುಮಾರು 600 ಮಂದಿ ಕರಿಯ ಗಂಡಸರನ್ನು ಅಧ್ಯಯನಕ್ಕೆ ಸೇರಿಸಿಕೊಂಡರು. 399 ಮಂದಿಗೆ ಸಿಫಿಲಿಸ್ ಎಂಬ ಲೈಂಗಿಕ ರೋಗ ಇತ್ತು. ಚಿಕಿತ್ಸೆ ಕೊಡದೆ ಬಿಟ್ಟರೆ ರೋಗ ಮೈಯನ್ನು ಹೇಗೆ ತಿನ್ನುತ್ತದೆಂದು ನೋಡುವುದೇ ಉದ್ದೇಶ. ರೋಗಿಗಳಿಗೆ ಹೇಳಿದ್ದು ‘ನಿಮ್ಮ ರಕ್ತ ಕೆಟ್ಟಿದೆ’ ಎಂದಷ್ಟೆ. ಬೆನ್ನಿಗೆ ಸೂಜಿ ಚುಚ್ಚಿ ನೀರು ತೆಗೆಯುವ ಪರೀಕ್ಷೆಯನ್ನು ‘ಉಚಿತ ವಿಶೇಷ ಚಿಕಿತ್ಸೆ’ ಎಂದು ಕರೆದರು. ಶವಪರೀಕ್ಷೆಗೆ ಒಪ್ಪಿದರೆ ಮಣ್ಣು ಮಾಡುವ ಖರ್ಚು ಕೊಡುತ್ತೇವೆಂದರು. 1940ರ ದಶಕದಲ್ಲಿ ಆ ರೋಗ ವಾಸಿಮಾಡುವ ಪೆನಿಸಿಲಿನ್ ಬಂದ ಮೇಲೂ ಅದನ್ನು ಕೊಡಲಿಲ್ಲ.

ಇದು ಗುಟ್ಟಾಗಿ ನಡೆದದ್ದಲ್ಲ. 1936ರಿಂದಲೇ ವೈದ್ಯಕೀಯ ಪತ್ರಿಕೆಗಳಲ್ಲಿ ಅಂಕಿಅಂಶ ಸಮೇತ ಅಚ್ಚಾಗುತ್ತಿತ್ತು. ಓದಿದ ವೈದ್ಯರಲ್ಲಿ ತಕರಾರು ತೆಗೆದವರು ಬೆರಳೆಣಿಕೆಯಷ್ಟು. ಅದೇ ಸೇವೆಯಲ್ಲಿದ್ದ ಪೀಟರ್ ಬಕ್ಸ್‌ಟನ್ 1966ರಲ್ಲೇ ಆಕ್ಷೇಪಿಸಿ ಬರೆದರೂ 1969ರ ತಜ್ಞರ ಸಭೆ ‘ಮುಂದುವರಿಸಿ’ ಎಂದಿತು. 1972ರ ಜುಲೈನಲ್ಲಿ ವರದಿಗಾರ್ತಿ ಜೀನ್ ಹೆಲ್ಲರ್ ಅದನ್ನು ಜನರು ಓದುವ ಭಾಷೆಯಲ್ಲಿ ಬರೆದರು. ವರ್ಷ ಮುಗಿಯುವುದರೊಳಗೆ ಅಧ್ಯಯನ ನಿಂತಿತು. 36 ವರ್ಷ ಅಂಕಿ ಕಣ್ಣೆದುರೇ ಇತ್ತು, ಸ್ವಾಮಿ. ಅದರೊಳಗಿದ್ದ ಮನುಷ್ಯ ಕಾಣಿಸಿರಲಿಲ್ಲ.

ಈಗ ನಿಮ್ಮದೇ ಕ್ಷೇತ್ರಕ್ಕೆ ಬರುತ್ತೇವೆ. ಒಂದು ಸನ್ನಿವೇಶ ಇಟ್ಟುಕೊಳ್ಳೋಣ. ಗಾರ್ಮೆಂಟ್ಸ್‌ಗೆ ಹೋಗುವ ಹುಡುಗಿ, ತೂಕ 42 ಕಿಲೋ, ಕಫ ಪರೀಕ್ಷೆಯಲ್ಲಿ ಟಿಬಿ ಬಂದಿದೆ. ದಿನಕ್ಕೆ ಮೂರು ಮಾತ್ರೆ: ಎರಡು ತಿಂಗಳು ನಾಲ್ಕು ಔಷಧ ಸೇರಿದ್ದು, ಆಮೇಲೆ ನಾಲ್ಕು ತಿಂಗಳು ಮೂರು ಔಷಧದ್ದು. ನಿಶ್ಚಿತಾರ್ಥವಾಗಿದೆ. ಮನೆಯಲ್ಲಿ ಅಣ್ಣನ ಮೂರು ವರ್ಷದ ಮಗುವಿದೆ. ಆಶಾ ಕಾರ್ಯಕರ್ತೆಗೆ ಅವಳು ಹೇಳುತ್ತಾಳೆ, ‘ಅಕ್ಕಾ, ಮಾತ್ರೆ ತಪ್ಪಿಸಲ್ಲ. ಮನೆಗೆ ಮಾತ್ರ ಬರಬೇಡಿ.’ ರಿಜಿಸ್ಟರಿನಲ್ಲಿ ಇದು ‘ಮನೆಯವರ ತಪಾಸಣೆ ಆಗಿಲ್ಲ’ ಎಂಬ ಒಂದು ಸಾಲು. ಮೀಟಿಂಗಿನಲ್ಲಿ ಬೈಸಿಕೊಳ್ಳುವವಳು ಆಶಾ.

ಹುಡುಗಿಯ ಬಾಯಿಂದಲೇ ಕೇಳಿದರೆ ಬೇರೆಯದೇ ಕಾಣುತ್ತದೆ. ಆ ಮಾತ್ರೆಯಲ್ಲಿರುವ ರಿಫಾಂಪಿಸಿನ್ ಎಂಬ ಔಷಧ ನುಂಗಿದರೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ನಾಲ್ಕು ಮನೆಗೆ ಒಂದೇ ಶೌಚಾಲಯವಿರುವ ವಠಾರದಲ್ಲಿ ಅವಳು ಎಲ್ಲರಿಗಿಂತ ಮೊದಲೆದ್ದು ಹೋಗಿ ಎರಡು ಬಕೆಟ್ ನೀರು ಸುರಿದು ಬರುತ್ತಾಳೆ. ಮಾತ್ರೆಯ ಹಾಳೆ ಕಸದ ಬುಟ್ಟಿಗೆ ಬೀಳದಂತೆ ಚೀಲದಲ್ಲಿಟ್ಟುಕೊಂಡು ಕಾರ್ಖಾನೆಯಲ್ಲಿ ಎಸೆಯುತ್ತಾಳೆ. ರೋಗದ ಮೇಲೆ ಅವಳಿಗೆ ಅಸಡ್ಡೆಯಿಲ್ಲ, ಆಶಾಳ ಗುಲಾಬಿ ಸೀರೆ ಬಾಗಿಲಲ್ಲಿ ನಿಂತರೆ ಮದುವೆ ಮುರಿಯುತ್ತದೆಂಬ ಭಯವಿದೆ.

ಆದರೆ ಮಗುವಿನ ಪಾಡೇನು? ರೋಗ ಇಲ್ಲವೆಂದು ಖಾತ್ರಿಯಾದ ಮೇಲೆ ಅದಕ್ಕೆ ರೋಗ ಬಾರದಂತೆ ತಡೆಯುವ ಐಸೋನಿಯಾಜಿಡ್ ಔಷಧವನ್ನು ಆರು ತಿಂಗಳು ಕೊಡಬಹುದು. ತಾಯಿಗೆ ಕಾರಣ ಹೇಳದೆ ಕೊಡಲಾಗದು. ಇಲ್ಲಿದೆ ನೈತಿಕ ಪ್ರಶ್ನೆ. ನಮ್ಮ ತೀರ್ಮಾನ ಇದು: ಅತ್ತಿಗೆಗೆ ತಾನೇ ಹೇಳಲು ಹುಡುಗಿಗೆ ಕೆಲವು ದಿನ ಕೊಡಬೇಕು, ಬೇಕೆಂದರೆ ಆಶಾ ಜೊತೆಗಿರಬೇಕು. ಅಂಗನವಾಡಿಯಲ್ಲಿ ಎಲ್ಲ ಮಕ್ಕಳ ತೂಕ ನೋಡುವ ದಿನವೇ ಈ ಮಗುವಿನ ತೂಕ, ಕೆಮ್ಮು, ಜ್ವರ ವಿಚಾರಿಸಿದರೆ ಯಾರಿಗೂ ಅನುಮಾನ ಬಾರದು. ಅವಳು ಒಪ್ಪದೇ ಹೋದರೆ, ಅವಳಿಗೆ ಮೊದಲೇ ತಿಳಿಸಿ, ಅತ್ತಿಗೆಗೆ ಮಾತ್ರ ಹೇಳಬೇಕು. ಗಂಡಿನ ಮನೆಗೆ ಈ ಸುದ್ದಿಯ ಹಕ್ಕಿಲ್ಲ. ಔಷಧ ನಾಟಿದರೆ ಕೆಲವು ವಾರಗಳಲ್ಲೇ ರೋಗ ಹರಡುವ ಸಾಧ್ಯತೆ ಬಹಳ ಕಡಿಮೆಯಾಗುತ್ತದೆ. ಬಕೆಟ್ಟಿನ ನೀರಿನ ಸಂಗತಿ ಗೊತ್ತಿಲ್ಲದವರು ಈ ದಾರಿ ಹುಡುಕುತ್ತಲೇ ಇರಲಿಲ್ಲ.

ಕಥೆ ಕೇಳುವುದಕ್ಕೂ ಕ್ರಮವಿದೆ, ಅದು ತಪ್ಪಿದಾಗಲೇ ನೀವು ಹೆದರುವ ಹಾನಿ ಆಗುವುದು. ಚಿಕಿತ್ಸೆ ಕೊಡುವ ವೈದ್ಯರ ಮೂಲಕ ಒಪ್ಪಿಗೆ ಕೇಳಿಸಬಾರದು. ಬೇಡವೆಂದರೆ ಮಾತ್ರೆ ನಿಂತೀತೆಂದು ರೋಗಿ ಹೂಂ ಅನ್ನುತ್ತಾರೆ. ಒಪ್ಪಿಗೆ ಎರಡು ಸಲ ಬೇಕು: ಹೇಳುವ ಮುಂಚೆ ಒಮ್ಮೆ, ಬರೆದದ್ದನ್ನು ಪೂರ್ತಿ ಓದಿ ಹೇಳಿದ ಮೇಲೆ ಇನ್ನೊಮ್ಮೆ. ಅಚ್ಚಿಗೆ ಹೋಗುವವರೆಗೂ ಹಿಂತೆಗೆದುಕೊಳ್ಳಬಹುದೆಂದು ಬಾಯಿಬಿಟ್ಟು ಹೇಳಬೇಕು. ಬರೀ ಹೆಸರು ಬದಲಿಸಿದರೆ ಸಾಲದು; ಊರು, ಕಸುಬು, ಮಕ್ಕಳ ಸಂಖ್ಯೆಯೂ ಬದಲಾಗಬೇಕು. ಪ್ರಶ್ನೆ ನಿಂತಿರುವ ಸಂಗತಿಯನ್ನು ಮಾತ್ರ ಮುಟ್ಟಬಾರದು: ಮೇಲಿನ ಸನ್ನಿವೇಶದಲ್ಲಿ ಮಗುವನ್ನು ಹತ್ತು ವರ್ಷದ ಹುಡುಗನನ್ನಾಗಿ ಮಾಡಿದರೆ ಅಪಾಯದ ತೂಕವೇ ಬದಲಾಗುತ್ತದೆ. ಬೆನ್ನು ತೋರಿಸಿದ ಫೋಟೊ ಕೂಡ ಬೇಡ. ಸೀರೆ, ತುಳಸಿಕಟ್ಟೆ, ನಿಂತ ಬೈಕು ಸಾಕು, ಓಣಿಯವರು ಗುರುತು ಹಿಡಿಯುತ್ತಾರೆ.

ಗೌಪ್ಯತೆ ಉಳಿಸುತ್ತೇವೆಂದು ಹೆಮ್ಮೆಪಟ್ಟುಕೊಳ್ಳುವ ಲೆಕ್ಕವೂ ಇದರಲ್ಲಿ ಸೋತಿದೆ. 2020ರ ಕೋವಿಡ್ ಬುಲೆಟಿನ್‌ಗಳನ್ನು ನೆನಪಿಸಿಕೊಳ್ಳಿ: ಪಿ ಎಂಬ ಅಕ್ಷರ, ಒಂದು ಸಂಖ್ಯೆ, ವಯಸ್ಸು, ಗಂಡೋ ಹೆಣ್ಣೋ, ಜಿಲ್ಲೆ, ಯಾರ ಸಂಪರ್ಕ. ಹೆಸರಿರಲಿಲ್ಲ. ಆದರೂ ಸಣ್ಣ ಊರಿನಲ್ಲಿ ಸಂಜೆಯೊಳಗೆ ಮನೆ ಪತ್ತೆಯಾಗುತ್ತಿತ್ತು, ಹಾಲಿನವನು ಬರುವುದು ನಿಲ್ಲುತ್ತಿತ್ತು. ಕೈಗೆ ಮುದ್ರೆ, ಬಾಗಿಲಿಗೆ ಪೋಸ್ಟರ್. ಅಧಿಕಾರಿಗಳ ನಿರ್ದಿಷ್ಟ ಆದೇಶವಿಲ್ಲದೆ ಪೋಸ್ಟರ್ ಅಂಟಿಸಬಾರದೆಂದು ಸುಪ್ರೀಂ ಕೋರ್ಟ್ ಹೇಳಿದ್ದು ಡಿಸೆಂಬರ್ 9ರಂದು. ಅಷ್ಟರಲ್ಲಿ ಮೊದಲ ಅಲೆಯ ಏರಿಕೆಯೇ ಇಳಿದಿತ್ತು. ‘ಸೋಂಕಿತ ಎಲ್ಲೆಲ್ಲಿ ತಿರುಗಾಡಿದ’ ಎಂದು ದಿನವಿಡೀ ಕೂಗಿದ ಚಾನೆಲ್‌ಗಳು ಒಮ್ಮೆಯಾದರೂ ಕ್ಷಮೆ ಕೇಳಿದವೇ?

2019ರಿಂದ ಎಂಬಿಬಿಎಸ್ ಪಠ್ಯದಲ್ಲಿ ನೀತಿ ಮತ್ತು ಸಂವಹನವನ್ನು ರೋಗಿಗಳ ಪ್ರಸಂಗಗಳ ಮೂಲಕ ಕಲಿಸುವ ಭಾಗ ಸೇರಿದೆ, ಒಳ್ಳೆಯದು. ಆದರೆ ಬಾಗಿಲು ತಟ್ಟುವವರು ಆಶಾಗಳು, ನಿಮ್ಮಂಥ ಆರೋಗ್ಯ ಸಹಾಯಕರು. ಮಾಸಿಕ ಸಭೆಯಲ್ಲಿ ಅವರನ್ನು ‘ಎಷ್ಟಾಯ್ತು?’ ಎಂದು ಕೇಳುತ್ತಾರೆ, ‘ಏನಾಯ್ತು?’ ಎಂದು ಕೇಳುವುದಿಲ್ಲ. ಅರ್ಧ ಗಂಟೆ ಕೊಟ್ಟು ಒಂದೇ ಪ್ರಸಂಗವನ್ನು ರೋಗಿ, ಆಶಾ, ಅತ್ತಿಗೆ ಮೂವರ ಕಡೆಯಿಂದಲೂ ಹೇಳಿಸಿ, ತೀರ್ಮಾನಕ್ಕೆ ಮುಂಚೆ ನಿಲ್ಲಿಸಿ, ‘ನೀವಾದರೆ?’ ಎಂದು ಕೇಳಿದರೆ ಸಾಕಿತ್ತು.

ನೀವು 31 ವರ್ಷ ಹಳ್ಳಿ ಸುತ್ತಿದವರು. ನಿಮ್ಮ ಪತ್ರದ ಕೊನೆಯಲ್ಲಿ ‘ಒಬ್ಬ ರೋಗಿಯನ್ನು ಪೊಲೀಸರಿಂದ ಕರೆತರಿಸಬೇಕಾಯಿತು, ಅದಿರಲಿ’ ಎಂದು ಬರೆದು ಬಿಟ್ಟಿದ್ದೀರಿ. ಅದಿರಲಿ ಅನ್ನಬೇಡಿ. ಆ ಮನುಷ್ಯ ಬದುಕಿದ್ದರೆ ಮೊದಲು ಹೋಗಿ ಕೇಳಿ; ಒಪ್ಪಿದರೆ ಊರು ಬದಲಿಸಿ ನಾಲ್ಕು ಪುಟ ಬರೆದು ಕಳುಹಿಸಿ. ಅಚ್ಚಿಗೆ ಕಳಿಸುವ ಮುನ್ನ ನಿಮಗೂ ಅವರಿಗೂ ಓದಿ ಹೇಳುತ್ತೇವೆ.