ಅಜ್ಜನ ಪದಕದ ಬೆಲೆ ಅದರ ಅಂಚಿನಲ್ಲಿದೆ

ಪ್ರಶ್ನೆ: ನಮ್ಮ ಮುತ್ತಜ್ಜ ಸೇನೆಯ ಎಂಜಿನಿಯರಿಂಗ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಸುಬೇದಾರರಾಗಿದ್ದರು. ಅವರವು ಮೊದಲ ಮಹಾಯುದ್ಧದ ಮೂರು ಪದಕ. ಅಜ್ಜ ಅದೇ ಪಡೆಯಲ್ಲಿ ಮೇಜರ್ ಆಗಿ ನಿವೃತ್ತರಾದರು. ಅವರವು ಎರಡನೇ ಮಹಾಯುದ್ಧದ ಬರ್ಮಾ ಸ್ಟಾರ್ ಎಂಬ ನಕ್ಷತ್ರಾಕಾರದ ಪದಕ ಸೇರಿ ಆರು. ದೊಡ್ಡಪ್ಪನವರವು 1971ರ ಕಾಲದ ಮೂರು. ಈಗ ಮನೆ ಪಾಲಾಗುತ್ತಿದೆ, ಮೊಮ್ಮಕ್ಕಳು ಮೂವರಿದ್ದೇವೆ. ಬೆಳ್ಳಿ ಅಂಗಡಿಯವರು ತೂಕ ಹಾಕಿ ಹೇಳಿದ ಮೊತ್ತ ತೀರಾ ಕಡಿಮೆ. ತಲೆಗೆ ನಾಲ್ಕರಂತೆ ಹಂಚಿಕೊಂಡರೆ ಸರಿಯೇ? ಮೊದಲು ಪಾಲಿಶ್ ಮಾಡಿಸಬೇಕೇ?
– ಓದುಗರು, ಹಲಸೂರು

ಉತ್ತರ: ಪಾಲಿಶ್ ಬೇಡವೇ ಬೇಡ. ಹುಣಸೆಹಣ್ಣು, ವಿಭೂತಿ, ನಿಂಬೆ, ಬ್ರಾಸೋ ಯಾವುದೂ ಹತ್ತಿರ ಸುಳಿಯಬಾರದು. ದೇವರ ಸಾಮಾನು ಬೆಳಗಿದ ಹಾಗೆ ಬೆಳಗಿದರೆ ರಾಜನ ಮುಖದ ಗೆರೆಗಳೂ ಅಂಚಿನ ಅಕ್ಷರಗಳೂ ಸವೆಯುತ್ತವೆ. ಕಪ್ಪು ಹಿಡಿದ ಬೆಳ್ಳಿಯನ್ನು ಕೊಳ್ಳುವವರು ಇಷ್ಟಪಡುತ್ತಾರೆ, ಉಜ್ಜಿ ನುಣ್ಣಗಾದದ್ದನ್ನು ಬದಿಗಿಡುತ್ತಾರೆ. ಧೂಳಿದ್ದರೆ ಒಣಗಿದ ಮೆತ್ತನೆ ಬಟ್ಟೆ ಸಾಕು.

ತೂಕದ ಲೆಕ್ಕ ಏಕೆ ತಪ್ಪೆಂದರೆ, ನಿಮ್ಮ ಹನ್ನೆರಡರಲ್ಲಿ ಬೆಳ್ಳಿಯದು ಬಹುಶಃ ಒಂದೇ, ಮುತ್ತಜ್ಜನ ಬ್ರಿಟಿಷ್ ವಾರ್ ಮೆಡಲ್. ಅದರ ತೂಕ ಸುಮಾರು 31 ಗ್ರಾಂ. ಅವರ ಸ್ಟಾರ್ ಮತ್ತು ವಿಕ್ಟರಿ ಮೆಡಲ್ ಕಂಚು. ಅಜ್ಜನ ವಾರ್ ಮೆಡಲ್, ಇಂಡಿಯಾ ಸರ್ವಿಸ್ ಮೆಡಲ್ ಎರಡೂ ತಾಮ್ರ ಮತ್ತು ನಿಕ್ಕಲ್ ಮಿಶ್ರಲೋಹ. ಅಕ್ಕಸಾಲಿಗೆ ಅವು ಬರೀ ತಗಡು. 1980ರ ಸುಮಾರಿಗೆ ಬೆಳ್ಳಿ ಬೆಲೆ ಒಮ್ಮೆಲೇ ಏರಿದಾಗ ಮೂರರಲ್ಲಿ ಬೆಳ್ಳಿಯದೊಂದನ್ನೇ ಕರಗಿಸಿದ ಮನೆಗಳು ಎಷ್ಟೋ. ಇವತ್ತು ಮೂರೂ ಒಟ್ಟಿಗಿರುವ ಗುಂಪಿಗೆ ಬೆಲೆ ಬರಲು ಅದೂ ಒಂದು ಕಾರಣ.

ಬೆಲೆ ಇರುವುದು ಪದಕದ ಮೇಲಿರುವ, ಅದನ್ನು ಪಡೆದವರ ಹೆಸರಿನಲ್ಲಿ. ಹತ್ತು ಪಟ್ಟು ದೊಡ್ಡದಾಗಿ ಕಾಣಿಸುವ ಭೂತಗನ್ನಡಿ ಹಿಡಿದು, ದುಂಡು ಪದಕವಾದರೆ ಅಂಚನ್ನೂ ಸ್ಟಾರ್ ಆದರೆ ಹಿಂಬದಿಯನ್ನೂ ನೋಡಿ. ಎರಡನೇ ಮಹಾಯುದ್ಧದ ಪದಕಗಳನ್ನು ಬ್ರಿಟಿಷ್ ಸೈನಿಕರಿಗೆ ಹೆಸರಿಲ್ಲದೆ ಕೊಟ್ಟರು. ಭಾರತೀಯರಿಗೆ ಕೊಟ್ಟವುಗಳಲ್ಲಿ ಸಾಮಾನ್ಯವಾಗಿ ಹೆಸರಿರುತ್ತದೆ. ನಮ್ಮವರ ಬರ್ಮಾ ಸ್ಟಾರ್ ಯಾರದೆಂದು ಹೇಳಲು ಸಾಧ್ಯವಾಗುವುದು ಇದರಿಂದಲೇ. ಮುತ್ತಜ್ಜನ ಪದಕಗಳಲ್ಲಿ ‘ಮದ್ರಾಸ್’ ಎಂಬ ಪದ ಸಿಗದಿದ್ದರೆ ಗಾಬರಿ ಬೇಡ. ಆಗ ಆ ಪಡೆಯ ಹೆಸರು ‘2ನೇ ಕ್ವೀನ್ ವಿಕ್ಟೋರಿಯಾಸ್ ಓನ್ ಸ್ಯಾಪರ್ಸ್ ಅಂಡ್ ಮೈನರ್ಸ್’. ಅಂಚಿನಲ್ಲಿ ಜಾಗ ಸಾಲದೆ ಅದು ‘2 ಕ್ಯೂ.ವಿ.ಒ. ಎಸ್. ಅಂಡ್ ಎಂ.’ ಎಂದು ಮೊಟಕಾಗಿರುತ್ತದೆ. ಒಂದು ಪದಕದಲ್ಲಿ ನಾಯಕ್, ಇನ್ನೊಂದರಲ್ಲಿ ಜಮೇದಾರ್ ಎಂದಿದ್ದರೂ ದೋಷವಲ್ಲ, ನಡುವೆ ಬಡ್ತಿ ಸಿಕ್ಕಿದೆ ಅಷ್ಟೆ. ಹೆಸರೇ ಬೇರೆಯಾಗಿದ್ದರೆ ಮಾತ್ರ ಯಾವಾಗಲೋ ಅದಲುಬದಲಾಗಿದೆ ಎಂದರ್ಥ.

ಹಳೆ ಹೆಸರು ಅಳಿಸಿ ಹೊಸದು ಕೆತ್ತಿದ ಪದಕಗಳೂ ಓಡಾಡುತ್ತವೆ. ವರ್ನಿಯರ್ ಕ್ಯಾಲಿಪರ್‌ನಲ್ಲಿ ವ್ಯಾಸ ಅಳೆಯಿರಿ. ಬ್ರಿಟಿಷ್ ವಾರ್ ಮೆಡಲ್ 36 ಮಿಲಿಮೀಟರ್ ಇರಬೇಕು. ನಾಲ್ಕಾರು ಕಡೆ ಅಳೆದಾಗ ಅಕ್ಷರಗಳಿರುವ ಭಾಗದಲ್ಲಿ ಮಾತ್ರ ಕಡಿಮೆ ಬಂದರೆ ಅಲ್ಲಿ ಅರ ಓಡಿದೆ. ಉಗುರು ಎಳೆದರೂ ತಗ್ಗು ಗೊತ್ತಾಗುತ್ತದೆ. ಟಂಕಿಸಾಲೆಯ ಅಕ್ಷರ ಅಚ್ಚೊತ್ತಿದಂತೆ ಒಂದೇ ಆಳ, ಆಮೇಲೆ ಕೆತ್ತಿದ್ದು ಕೈಬರಹದಂತೆ ಹೆಚ್ಚುಕಮ್ಮಿ.

ಕಂಟೋನ್ಮೆಂಟಿನ ಊರಲ್ಲಿ ಇನ್ನೊಂದು ತೊಡಕಿದೆ. ಅಸಲಿಯನ್ನು ಟ್ರಂಕಿನಲ್ಲಿಟ್ಟು, ಪರೇಡಿಗೆಂದು ಸಮವಸ್ತ್ರದ ಅಂಗಡಿಯಲ್ಲಿ ನಕಲು ಜೋಡಿ ಮಾಡಿಸಿಕೊಳ್ಳುವುದು ಆಫೀಸರುಗಳ ರೂಢಿ. ನಕಲಿನ ಅಂಚು ಖಾಲಿ, ಚಿತ್ರದ ಗೆರೆ ಮೊಂಡು. ಮೆಸ್ಸಿನ ಔತಣಕ್ಕೆ ಹಾಕುವ ಅರ್ಧ ಗಾತ್ರದ ಮಿನಿಯೇಚರ್‌ಗಳೂ ಪೆಟ್ಟಿಗೆಯಲ್ಲಿ ಸೇರಿರಬಹುದು. ಅವಕ್ಕೆ ಪ್ರತ್ಯೇಕ ಬೆಲೆ ಹೆಚ್ಚಿಲ್ಲ. ಗುಂಪಿನ ಜೊತೆಗಿದ್ದರೆ ಚೆನ್ನ.

ಮುಂದಿನದು ಕೊರತೆ ಹುಡುಕುವುದು. ಎರಡನೇ ಮಹಾಯುದ್ಧದ ವಾರ್ ಮೆಡಲ್‌ಗೆ 28 ದಿನದ ಪೂರ್ಣಾವಧಿ ಸೇವೆ ಸಾಕಿತ್ತು. ಹಾಗಾಗಿ ಬರ್ಮಾ ಸ್ಟಾರ್ ಇದ್ದು ವಾರ್ ಮೆಡಲ್ ಇಲ್ಲದಿದ್ದರೆ ಒಂದು ಕಳೆದುಹೋಗಿದೆ. ವಾರ್ ಮೆಡಲ್‌ನ ರಿಬ್ಬನ್ನಿನಲ್ಲಿ ಕಂಚಿನ ಓಕ್ ಎಲೆ ಇದ್ದರೆ ‘ಮೆನ್ಷನ್ಡ್ ಇನ್ ಡಿಸ್ಪ್ಯಾಚಸ್’ (ಸೇನಾಧಿಕಾರಿಯ ಯುದ್ಧವರದಿಯಲ್ಲಿ ಹೆಸರು ಬಂದದ್ದು) ಎಂಬ ಗೌರವದ ಗುರುತು. ಆ ಪುಟ್ಟ ಎಲೆ ಬೆಲೆಯನ್ನು ಎತ್ತುತ್ತದೆ, ಬ್ರಿಟಿಷ್ ಸರ್ಕಾರದ ಅಧಿಕೃತ ಪತ್ರಿಕೆ ಲಂಡನ್ ಗೆಜೆಟ್‌ನಲ್ಲಿ ಹೆಸರು ಸಿಕ್ಕರೆ. ಗೆಜೆಟ್ ಅಂತರ್ಜಾಲದಲ್ಲಿ ಉಚಿತ. ಅಜ್ಜನ ಆರರಲ್ಲಿ 1947ರ ಜನರಲ್ ಸರ್ವಿಸ್ ಮೆಡಲ್ ಇದ್ದರೆ ಅದರ ರಿಬ್ಬನ್ನಿನ ಮೇಲೆ ಜಮ್ಮು ಮತ್ತು ಕಾಶ್ಮೀರದ ಹೆಸರಿರುವ ಲೋಹದ ಪಟ್ಟಿ ಇದೆಯೇ ನೋಡಿ. ದೊಡ್ಡಪ್ಪನವರ ಪೂರ್ವಿ ಸ್ಟಾರ್, ಸಂಗ್ರಾಮ್ ಮೆಡಲ್, 25ನೇ ಸ್ವಾತಂತ್ರ್ಯೋತ್ಸವದ ಪದಕ ಮೂರೂ ಸಾವಿರಾರು ಜನರಿಗೆ ಸಿಕ್ಕಂಥವು. ಒಂಟಿಯಾಗಿ ಅವಕ್ಕೆ ಬೆಲೆ ತೀರಾ ಕಡಿಮೆ.

ಹೀಗಾಗಿ ತಲೆಗೆ ನಾಲ್ಕು ಎನ್ನುವುದು ಅತಿ ಕೆಟ್ಟ ಹಂಚಿಕೆ. ಸುಬೇದಾರರಿಂದ ಮೇಜರ್, ಅವರಿಂದ ಮುಂದಿನ ತಲೆಮಾರು, ಹೀಗೆ ಮೂರು ಯುದ್ಧಗಳ ಸಾಲು ಒಂದೇ ಮನೆಯದೆಂದು ಸಾಬೀತಾದಾಗ ಬರುವ ಬೆಲೆ ಬಿಡಿಬಿಡಿಯಾದವುಗಳ ಮೊತ್ತಕ್ಕಿಂತ ಹೆಚ್ಚು. ಮುರಿದ ಗುಂಪನ್ನು ಮತ್ತೆ ಕೂಡಿಸುವುದು ವರ್ಷಗಳ ಕೆಲಸ, ಸಾಮಾನ್ಯವಾಗಿ ಆಗುವುದೂ ಇಲ್ಲ. ಒಬ್ಬರು ಇಟ್ಟುಕೊಂಡು ಉಳಿದಿಬ್ಬರಿಗೆ ಹಣ ಕೊಡಿ. ಅದೂ ಒಪ್ಪಿಗೆಯಾಗದಿದ್ದರೆ ವ್ಯಕ್ತಿಗೊಂದು ಗುಂಪಿನಂತೆ ಬೇರೆ ಮಾಡಿ, ಒಬ್ಬರ ಪದಕಗಳನ್ನು ಮಾತ್ರ ಒಡೆಯಬೇಡಿ. ಪೇ ಬುಕ್, ಡಿಸ್ಚಾರ್ಜ್ ಕಾಗದ, ಫೋಟೋ, ಪದಕ ಬಂದ ರಟ್ಟಿನ ಡಬ್ಬಿ ಇವೆಲ್ಲ ಪದಕದ ಜೊತೆಗೇ ಹೋಗಬೇಕು. ಹಳೆ ರಿಬ್ಬನ್ ಕೊಳೆಯಾಗಿದೆಯೆಂದು ಬದಲಿಸಬೇಡಿ.

ದರಕ್ಕೆ ಅಂಗಡಿ ಅಂಗಡಿ ಅಲೆಯುವ ಬದಲು ಲಂಡನ್ನಿನ ನೂನನ್ಸ್‌ನಂಥ ಹರಾಜು ಸಂಸ್ಥೆಗಳ ಹಳೆ ಮಾರಾಟದ ಪಟ್ಟಿ ತೆರೆದು, ಅದೇ ಪಡೆ, ಅದೇ ದರ್ಜೆ, ರಿಬ್ಬನ್ನಿನ ಮೇಲೆ ಅದೇ ಲೋಹದ ಪಟ್ಟಿ ಇರುವ ಗುಂಪು ಹುಡುಕಿ. ಕನಿಷ್ಠ ನಾಲ್ಕೈದು ಸಿಗಲಿ. ಅಲ್ಲಿ ಕಾಣುವ ಸುತ್ತಿಗೆ ಬೆಲೆ, ಅಂದರೆ ಹರಾಜಿನ ಕೂಗು ನಿಂತ ಮೊತ್ತ, ಕೊಂಡವರು ಕೊಟ್ಟಿದ್ದೂ ಅಲ್ಲ, ಮಾರಿದವರ ಕೈಗೆ ಬಂದಿದ್ದೂ ಅಲ್ಲ. ಅವರು ಕಮಿಷನ್ ಸೇರಿಸಿ ಕೊಡುತ್ತಾರೆ, ಇವರು ಕಮಿಷನ್ ಕಳೆದು ಪಡೆಯುತ್ತಾರೆ. ಪಾಲು ಹಂಚಲು ಕಮಿಷನ್ ಕಳೆದ ಮೇಲಿನ ಅಂಕಿ ಹಿಡಿಯಿರಿ, ವಿಮೆಗೆ ಕಮಿಷನ್ ಸೇರಿಸಿದ ಅಂಕಿ. ಎರಡನ್ನೂ ಕಲಸಿದರೆ ಅಣ್ಣತಮ್ಮಂದಿರಲ್ಲಿ ಜಗಳ ಖಾತ್ರಿ.

ಪ್ರಶ್ನೆ: ಮಾವನವರ ಪೆಟ್ಟಿಗೆಯಲ್ಲಿ ಶೌರ್ಯಕ್ಕೆ ಕೊಡುವ ಮಿಲಿಟರಿ ಕ್ರಾಸ್ ಇದೆ, ಆದರೆ ಹೆಸರಿಲ್ಲ. ನಕಲಿಯೇ?
– ಓದುಗರು, ಜಯನಗರ

ಉತ್ತರ: ಹೆಸರಿಲ್ಲದಿರುವುದೇ ಸರಿ. ಮಿಲಿಟರಿ ಕ್ರಾಸ್ ಅನ್ನು ಸರ್ಕಾರ ಹೆಸರು ಕೆತ್ತದೆ ಕೊಡುತ್ತಿತ್ತು. ಎರಡನೇ ಮಹಾಯುದ್ಧದ್ದಾದರೆ ಹಿಂಬದಿಯ ಕೆಳತೋಳಿನಲ್ಲಿ ಇಸವಿ ಕೆತ್ತಿರುತ್ತಾರೆ, ಮೊದಲನೆಯದರಲ್ಲಿ ಅದೂ ಇಲ್ಲ. ಹೆಸರಿಲ್ಲದ್ದರಿಂದಲೇ ಯಾರದೋ ಕ್ರಾಸ್ ತಂದು ಯಾರದೋ ಬರ್ಮಾ ಸ್ಟಾರ್ ಪಕ್ಕ ಸಿಕ್ಕಿಸುವುದು ಸುಲಭ. ಆದ್ದರಿಂದ ಇಲ್ಲಿ ಲೋಹಕ್ಕಿಂತ ಕಾಗದ ಮುಖ್ಯ. ಲಂಡನ್ ಗೆಜೆಟ್‌ನಲ್ಲಿ ದಿನಾಂಕ ಹುಡುಕಿ, ನಂತರ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದ ಡಬ್ಲ್ಯೂಒ 373 ಸರಣಿಯಲ್ಲಿ ಶಿಫಾರಸಿನ ಹಾಳೆ ತರಿಸಿ. ಯಾವ ಹಳ್ಳದ ಬಳಿ, ಯಾವ ದಿನ, ಏನು ಮಾಡಿದರು ಎಂಬ ವಿವರ ಅದರಲ್ಲೇ ಸಿಗಬಹುದು. ಒಳ್ಳೆಯ ಗುಂಪಿನ ಬೆಲೆಯ ದೊಡ್ಡ ಪಾಲು ಆ ಒಂದು ಹಾಳೆಯದು.

ಇನ್ನೊಂದು ಮಾತು. ಸಾಲಿನಲ್ಲಿ ಸ್ಟಾರ್‌ಗಳ ಪಕ್ಕ ತೂಗಿದ ಪದಕದ ಅಂಚಿನಲ್ಲಿ ಸಣ್ಣ ಸಣ್ಣ ಗುಳಿಗಳಿರುವುದುಂಟು. ವರ್ಷಗಟ್ಟಲೆ ಎದೆಯ ಮೇಲೆ ಅಲುಗಾಡಿ ಸ್ಟಾರ್‌ನ ಚೂಪು ತುದಿ ಕುಟ್ಟಿದ ಗುರುತು ಅದು. ಗುಳಿಯೆಲ್ಲ ಸರಿಯಾದ ಬದಿಯಲ್ಲೇ ಇದ್ದರೆ ಆ ಪದಕಗಳು ಮೊದಲಿಂದ ಜೊತೆಗಿದ್ದವು ಎಂದು ನಂಬಬಹುದು.

ಪ್ರಶ್ನೆ: ಮುತ್ತಜ್ಜನ ಪದಕಗಳನ್ನು ಲಂಡನ್ ಹರಾಜಿಗೆ ಕೊರಿಯರ್ ಮಾಡಬಹುದೇ?
– ಓದುಗರು, ಫ್ರೇಜರ್ ಟೌನ್

ಉತ್ತರ: ನಿಲ್ಲಿ. 1972ರ ಪುರಾವಸ್ತು ಮತ್ತು ಕಲಾಸಂಪತ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಐತಿಹಾಸಿಕ ವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಮೊದಲ ಮಹಾಯುದ್ಧದ ಪದಕಗಳು ಈಗ ಆ ಗೆರೆ ದಾಟಿವೆ ಅಥವಾ ಗೆರೆಯ ಮೇಲಿವೆ. ಬರ್ಮಾ ಸ್ಟಾರ್ ಇನ್ನೂ ದಾಟಿಲ್ಲ. ಆದರೂ ಕಳಿಸುವ ಮುನ್ನ ಭಾರತೀಯ ಪುರಾತತ್ವ ಸರ್ವೇಕ್ಷಣದ ಬೆಂಗಳೂರು ಕಚೇರಿಯಿಂದ ‘ಪುರಾವಸ್ತು ಅಲ್ಲ’ ಎಂಬ ಪ್ರಮಾಣಪತ್ರ ಪಡೆಯಿರಿ, ಕಸ್ಟಮ್ಸ್‌ನವರು ಕೇಳಬಹುದು. ಮುತ್ತಜ್ಜನವನ್ನು ದೇಶದೊಳಗೇ, ಪುರಾವಸ್ತು ಮಾರುವ ಪರವಾನಗಿ ಇರುವ ಹರಾಜುದಾರರ ಮೂಲಕ ಮಾರಿ.