ಪಾಸ್‌ಪೋರ್ಟ್ ಕಫೀಲನ ಹತ್ತಿರ, ಮೂರು ತಿಂಗಳಿಂದ ಸಂಬಳವಿಲ್ಲ: ಈಗೇನು ಮಾಡುವುದು?

ಪ್ರಶ್ನೆ: ನನ್ನ ಗಂಡ ಎರಡು ವರ್ಷದಿಂದ ಕುವೈತ್‌ನ ಒಂದು ಮನೆಯಲ್ಲಿ ಡ್ರೈವರ್. 20ನೇ ನಂಬರ್ ವೀಸಾ, ಅಂದರೆ ಮನೆಕೆಲಸದವರ ವೀಸಾ. ಹೋದ ದಿನವೇ ಕಫೀಲ (ವೀಸಾ ಕೊಟ್ಟ ಧಣಿ) ಪಾಸ್‌ಪೋರ್ಟ್ ತೆಗೆದಿಟ್ಟುಕೊಂಡ. ಮೂರು ತಿಂಗಳಿಂದ ಸಂಬಳ ಕೊಟ್ಟಿಲ್ಲ. ಆ ಮನೆ ಬಿಟ್ಟು ಗೆಳೆಯನ ರೂಮಿಗೆ ಹೋಗಿ ಬೇರೆ ಕಡೆ ದುಡಿಯುತ್ತೇನೆ ಅನ್ನುತ್ತಿದ್ದಾರೆ. ಊರಿನವರು, "ಪರದೇಶದಲ್ಲಿ ನಮಗೆಂಥ ಹಕ್ಕು, ಸುಮ್ನಿರಿ" ಅನ್ನುತ್ತಾರೆ. ನಿಜವಾ?
- ಬಂಟ್ವಾಳ ತಾಲೂಕಿನ ಓದುಗರು

ಉತ್ತರ: ನಿಜವಲ್ಲ. ಹಕ್ಕು ಇದೆ, ಕಾನೂನಿನಲ್ಲಿ ಬರೆದೇ ಇದೆ. ಆದರೆ ಮೊದಲು ಒಂದು ಮಾತು. ಇವತ್ತೇ ಫೋನ್ ಮಾಡಿ, ದೂರು ಕೊಡದೆ ಆ ಮನೆ ಬಿಡಬೇಡಿ ಅಂತ ನಿಮ್ಮ ಯಜಮಾನರಿಗೆ ಹೇಳಿ.

ಕಾರಣ ಇದು. ಅಲ್ಲಿ ಕೆಲಸಗಾರನ ವೀಸಾ ಕಫೀಲನ ಹೆಸರಿಗೆ ಅಂಟಿಕೊಂಡಿರುತ್ತದೆ. ಅವರು ಸುಮ್ಮನೆ ಹೊರಟರೆ, ಕಫೀಲ "ಓಡಿಹೋದ" ಅಂತ ಕೇಸು ಹಾಕಬಹುದು. ಆಮೇಲೆ ಸಂಬಳ ಕೊಡದವನ ಮಾತೇ ಬರುವುದಿಲ್ಲ, ಸಂಬಳ ಸಿಗದವರೇ ತಪ್ಪಿತಸ್ಥರಾಗುತ್ತಾರೆ. ಒಬ್ಬರ ವೀಸಾದಲ್ಲಿರುವವರನ್ನು ಇನ್ನೊಬ್ಬರು ಕೆಲಸಕ್ಕೆ ಇಟ್ಟುಕೊಳ್ಳುವುದೂ ಅಲ್ಲಿ ಅಪರಾಧ. ಜಾಗ ಕೊಟ್ಟ ಗೆಳೆಯನಿಗೂ ತೊಂದರೆ. ಹೊಡೆತ ಬಡಿತ, ಜೀವಭಯ ಇದ್ದರೆ ಮಾತು ಬೇರೆ. ಆಗ ಮನೆ ಬಿಡಲಿ, ಆದರೆ ನೇರ ಭಾರತದ ರಾಯಭಾರ ಕಚೇರಿಗೆ ಹೋಗಲಿ.

ಈಗ ಹಕ್ಕಿನ ವಿಷಯ. ಮನೆಕೆಲಸದವರಿಗಾಗಿಯೇ ಕುವೈತ್ 2015ರಲ್ಲಿ 68ನೇ ನಂಬರಿನ ಕಾನೂನು ಮಾಡಿತು. ದಿನಕ್ಕೆ 12 ಗಂಟೆಗಿಂತ ಜಾಸ್ತಿ ದುಡಿಸುವಂತಿಲ್ಲ. ವಾರಕ್ಕೊಂದು ರಜೆ, ವರ್ಷಕ್ಕೆ 30 ದಿನ ಸಂಬಳ ಸಹಿತ ರಜೆ. ಕನಿಷ್ಠ ಸಂಬಳ 60 ದಿನಾರ್ ಅಂತ 2016ರಲ್ಲಿ ಗೊತ್ತುಮಾಡಿದರು. ಸಂಬಳ ತಡವಾದರೆ, ತಡವಾದ ಪ್ರತಿ ತಿಂಗಳಿಗೆ 10 ದಿನಾರ್ ಸೇರಿಸಿ ಕೊಡಬೇಕು. ನಿಮ್ಮ ಯಜಮಾನರು ಇದನ್ನೂ ಕೇಳಲಿ.

ಪಾಸ್‌ಪೋರ್ಟನ್ನೂ ಕಫೀಲ ಇಟ್ಟುಕೊಳ್ಳುವಂತಿಲ್ಲ. ಕೆಲಸಗಾರ ಒಪ್ಪಿದರೆ ಮಾತ್ರ ಇಟ್ಟುಕೊಳ್ಳಬಹುದು ಅನ್ನುತ್ತದೆ ಆ ಕಾನೂನು. ಈ ಒಂದು ಮಾತು ನನಗೆ ತುಂಬಾ ಬೇಸರ ತರಿಸುತ್ತದೆ. ಸಾಲ ಮಾಡಿ ಬಂದವನು, ಅರಬ್ಬಿ ಓದಲು ಬಾರದವನು, ಮೊದಲ ದಿನವೇ ಬೇಡ ಅನ್ನಲು ಸಾಧ್ಯವೇ? ಎಲ್ಲಿ ಸೈನ್ ಹಾಕು ಅಂದರೆ ಅಲ್ಲಿ ಹಾಕುತ್ತಾನೆ. ನಮ್ಮ 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಆ ಪುಸ್ತಕ ಭಾರತ ಸರ್ಕಾರದ ಸ್ವತ್ತು. ಯಾವ ಧಣಿಯ ಕಪಾಟಿನಲ್ಲೂ ಅದು ಇರಬಾರದು.

ಮಾಡಬೇಕಾದ್ದು ಇಷ್ಟು. ಪಾಸ್‌ಪೋರ್ಟ್, ಸಿವಿಲ್ ಐಡಿ (ಅಲ್ಲಿನ ಗುರುತಿನ ಚೀಟಿ), ಅಗ್ರಿಮೆಂಟ್ ಯಾವುದರ ಫೋಟೋ ಇದೆಯೋ ಅದನ್ನು ಅವರು ನಿಮಗೆ ವಾಟ್ಸಾಪ್‌ನಲ್ಲಿ ಕಳಿಸಲಿ. ಸಂಬಳ ಕೇಳಿದ ಮೆಸೇಜುಗಳನ್ನು ಅಳಿಸದಿರಲಿ. ಕುವೈತ್‌ನ ಕಾರ್ಮಿಕ ಇಲಾಖೆಯಲ್ಲಿ ಮನೆಕೆಲಸದವರ ದೂರಿಗೆ ಬೇರೆಯೇ ವಿಭಾಗ ಇದೆ, ಅಲ್ಲಿ ದೂರು ಕೊಡಲಿ. ರಾಯಭಾರ ಕಚೇರಿಗೂ ತಿಳಿಸಲಿ. ಕಷ್ಟದಲ್ಲಿರುವವರ ಊಟ, ವಸತಿ, ವಕೀಲರ ಖರ್ಚು, ಊರಿಗೆ ಬರುವ ಟಿಕೆಟ್ಟಿಗೆ 2009ರಿಂದ ಅಲ್ಲೊಂದು ಕಲ್ಯಾಣ ನಿಧಿ ಇದೆ. ನೀವು ಮನೆಯಲ್ಲಿ ಕೂತೇ ವಿದೇಶಾಂಗ ಇಲಾಖೆಯ 'ಮದದ್' ಪೋರ್ಟಲ್‌ನಲ್ಲಿ ದೂರು ಹಾಕಬಹುದು. ಆ ದೂರಿನ ನಂಬರ್ ಬರೆದಿಟ್ಟುಕೊಳ್ಳಿ.

ಇಷ್ಟೆಲ್ಲ ಓಡಾಟ ಯಾಕೆ ಬೇಕಾಗುತ್ತದೆ ಹೇಳಿ? ವೀಸಾ ಧಣಿಯ ಕೈಯಲ್ಲಿರುವುದರಿಂದ. ಕತಾರ್ 2020ರಲ್ಲಿ ಕಫೀಲನನ್ನು ಕೇಳದೆ ಕೆಲಸ ಬದಲಿಸುವ ದಾರಿ ಮಾಡಿತು. ಮಾರನೇ ವರ್ಷ ಸೌದಿಯೂ ಕಂಪನಿ ಕೆಲಸಗಾರರಿಗೆ ಅಂಥ ಅವಕಾಶ ಕೊಟ್ಟಿತು, ಆದರೆ ಮನೆ ಡ್ರೈವರು, ಮನೆಕೆಲಸದವರನ್ನು ಹೊರಗಿಟ್ಟಿತು. ಕುವೈತ್ ಹಿಂದಕ್ಕೇ ಹೋಯಿತು. 2025ರ ಜುಲೈಯಿಂದ 18ನೇ ನಂಬರ್ ವೀಸಾದವರು, ಅಂದರೆ ಖಾಸಗಿ ಕಂಪನಿ ಕೆಲಸಗಾರರು, ದೇಶ ಬಿಟ್ಟು ಹೊರಡಲು ಧಣಿಯ ಒಪ್ಪಿಗೆ ಬೇಕು. ತನ್ನ ಮನೆಗೆ ಹೋಗಲು ಇನ್ನೊಬ್ಬರ ಅನುಮತಿ ಬೇಕು ಅನ್ನುವುದು ನ್ಯಾಯವಲ್ಲ. ನಮ್ಮ ಸರ್ಕಾರ ಇದನ್ನು ಗಟ್ಟಿಯಾಗಿ ಕೇಳಬೇಕು.

ಪಾಸ್‌ಪೋರ್ಟ್ ಸಿಗದೇ ಹೋದರೂ ಅವರು ಅಲ್ಲೇ ಸಿಕ್ಕಿಕೊಳ್ಳುವುದಿಲ್ಲ. ಊರಿಗೆ ಬರುವಷ್ಟಕ್ಕೆ ರಾಯಭಾರ ಕಚೇರಿ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತದೆ. ಆದರೆ ಅವರ ಮೇಲೆ ಕೇಸು ಇರಬಾರದು. ಅದಕ್ಕೇ ಹೇಳಿದ್ದು, ಮೊದಲು ದೂರು ಕೊಡಲಿ.