ಸ್ಟೆಂಟ್ ಅಗ್ಗವಾಯ್ತು, ಬಿಲ್ ಯಾಕೆ ಇಳಿಯಲಿಲ್ಲ?

ಪ್ರಶ್ನೆ: ಅಪ್ಪನಿಗೆ ಹೃದಯಕ್ಕೆ ಸ್ಟೆಂಟ್ ಹಾಕಿಸಿದೆವು. ಸರ್ಕಾರ ಸ್ಟೆಂಟ್ ದರ ಇಳಿಸಿದೆ ಅಂತಾರೆ, ಆದರೂ ಬಿಲ್ ನೋಡಿ ತಲೆ ತಿರುಗಿತು. ದರ ನಿಯಂತ್ರಣದಿಂದ ಏನಾದರೂ ಉಪಯೋಗ ಇದೆಯಾ?
– ಓದುಗರೊಬ್ಬರು, ಹಾಸನ

ಉತ್ತರ: ಉಪಯೋಗ ಖಂಡಿತ ಇದೆ, ಆದರೆ ಅರ್ಧ ಮಾತ್ರ. 2017ರ ಫೆಬ್ರುವರಿಯಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಔಷಧಿ ಲೇಪಿತ ಸ್ಟೆಂಟಿಗೆ (ಕಟ್ಟಿಕೊಂಡ ರಕ್ತನಾಳವನ್ನು ತೆರೆದಿಡುವ ಸಣ್ಣ ಜಾಲರಿ ಕೊಳವೆ) 29,600 ರೂಪಾಯಿ ಮಿತಿ ಹಾಕಿತು. ಅದಕ್ಕೂ ಮುಂಚೆ ಲಕ್ಷ ದಾಟುತ್ತಿತ್ತು. ಕಂಪನಿಯಿಂದ ರೋಗಿಗೆ ತಲುಪುವಷ್ಟರಲ್ಲಿ ಅತಿ ಹೆಚ್ಚು ಲಾಭ ಸೇರುತ್ತಿದ್ದದ್ದು ಆಸ್ಪತ್ರೆಯ ಹಂತದಲ್ಲೇ ಅಂತ ಆಗ ಪ್ರಾಧಿಕಾರವೇ ಹೇಳಿತ್ತು. ಆದರೆ ಮಿತಿ ಬಿದ್ದದ್ದು ಸ್ಟೆಂಟಿಗೆ ಮಾತ್ರ, ಕೊಠಡಿ ಬಾಡಿಗೆ, ಐಸಿಯು, ಡಾಕ್ಟರ ಫೀಸು, ಪರೀಕ್ಷೆಗಳಿಗೆ ಅಲ್ಲ. ಒಂದು ಕಡೆ ಇಳಿದದ್ದು ಇನ್ನೊಂದು ಕಡೆ ಏರಬಹುದು.

ಎದೆನೋವು ಬಂದವರು ನಾಲ್ಕು ಕಡೆ ದರ ವಿಚಾರಿಸೋಕೆ ಆಗಲ್ಲ ಅಲ್ವಾ? ಅದಕ್ಕೇ ಇಲ್ಲಿ ಪೈಪೋಟಿಯಿಂದ ಬೆಲೆ ತಾನಾಗೇ ಇಳಿಯುತ್ತೆ ಅನ್ನೋದನ್ನು ನಾನು ಒಪ್ಪಲ್ಲ.

2017ರಲ್ಲೇ ನಮ್ಮ ರಾಜ್ಯ ಖಾಸಗಿ ಆಸ್ಪತ್ರೆಗಳ ದರ ನಿಗದಿ ಮಾಡಲು ಹೊರಟಿತ್ತು. ನವೆಂಬರಿನಲ್ಲಿ ವೈದ್ಯರು ಮುಷ್ಕರ ಹೂಡಿದರು, ಕೊನೆಗೆ ಕಾಯ್ದೆ ಸಡಿಲವಾಗಿ ಸರ್ಕಾರಿ ಯೋಜನೆಗಳ ಚಿಕಿತ್ಸೆಗಷ್ಟೇ ದರ ನಿಗದಿ ಉಳಿಯಿತು. ಸಾಲ ಮಾಡಿ ಆಸ್ಪತ್ರೆ ಕಟ್ಟಿದ ಸಣ್ಣ ಊರಿನ ಡಾಕ್ಟರ ಕಷ್ಟವೂ ನಿಜವೇ. ಊರಿಗೆ, ಸೌಲಭ್ಯಕ್ಕೆ ತಕ್ಕಂತೆ ಬೇರೆ ಬೇರೆ ಮಿತಿ ಇಡಬಹುದು. ಮಿತಿಯೇ ಬೇಡ ಅನ್ನೋದು ತಪ್ಪು.

ನೀವು ಈಗಲೇ ವಿವರವಾದ ಬಿಲ್ ಕೇಳಿ. ಅದರಲ್ಲಿ ಸ್ಟೆಂಟಿನ ಕಂಪನಿ, ಬೆಲೆ ಬೇರೆಯಾಗಿ ಇರಬೇಕು. 2017ರ ಮಿತಿ ಆಮೇಲೆ ಬದಲಾಗಿದೆ, ಈಗಿನ ಮಿತಿಗಿಂತ ಜಾಸ್ತಿ ಹಾಕಿದ್ದರೆ ಪ್ರಾಧಿಕಾರಕ್ಕೆ ದೂರು ಕೊಡಿ.